ಬೆಟ್ಟಿಗೊಂದು, ಮಜಲಿಗೊಂದು, ಬೈಲಿಗೊಂದು: ಹಳೆ ಭತ್ತದ ಬೀಜ ಮತ್ತೆ ಗದ್ದೆಗೆ ಇಳಿಸಿದ ಅನುಭವ

ನಮ್ಮದು ಬ್ರಹ್ಮಾವರ ತಾಲೂಕು, ಬಾರಕೂರಿನ ಕಡೆ, ಸೀತಾನದಿಯ ದಂಡೆ. ಜಾಗ ಜಾಸ್ತಿ ಇಲ್ಲ, ಆದರೆ ಇರುವಷ್ಟರಲ್ಲೇ ಮೂರು ಥರದ ಗದ್ದೆ. ಮೇಲೆ ಮನೆ ಪಕ್ಕದ್ದು ಬೆಟ್ಟು, ಮಳೆ ನಿಂತರೆ ಬೇಗ ಒಣಗುತ್ತದೆ. ನಡುವಿನದ್ದು ಮಜಲು, ಅಲ್ಲಿ ಮಳೆಗಾಲದ ಬೆಳೆ ಆದ ಮೇಲೂ ಸ್ವಲ್ಪ ಪಸೆ ಉಳಿಯುತ್ತದೆ. ಕೆಳಗೆ ಹೊಳೆ ಬದಿಯದ್ದು ಬೈಲು, ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಉಬ್ಬರದ ಜೊತೆ ಮೇಲೆ ಬರುವ ಉಪ್ಪುನೀರು. ಮೂರಕ್ಕೂ ಸ್ವಭಾವ ಬೇರೆ. ಆದರೆ ನಾನು ಮದುವೆಯಾಗಿ ಬಂದಾಗಿನಿಂದ ಮೂರಕ್ಕೂ ಬಿತ್ತುತ್ತಿದ್ದ ಬೀಜ ಒಂದೇ, ಎಂಒ4.

ಎಂಒ4 ಕೆಟ್ಟ ತಳಿ ಅಂತ ನಾನು ಹೇಳುವುದಿಲ್ಲ. ಕೇರಳದ ಕುಟ್ಟನಾಡಿನ ಮಂಕೊಂಬು ಸಂಶೋಧನಾ ಕೇಂದ್ರದಿಂದ ಬಂದ ತಳಿ ಅದು, ಭದ್ರ ಅಂತ ಅದರ ಹೆಸರು. ಕೆಂಪಕ್ಕಿ, ಕುಚ್ಚಲಿಗೆ ಚೆನ್ನ, ಇಳುವರಿಯೂ ಚೆನ್ನ. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಅನ್ನದ ಬಟ್ಟಲು ತುಂಬಿಸಿದ್ದು ಇದೇ. ಕಷ್ಟ ಏನು ಅಂದರೆ, ಊರಿಡೀ ಒಂದೇ ಬೀಜ ಇದ್ದಾಗ ಊರಿಡೀ ಒಂದೇ ಹೊತ್ತಿಗೆ ಹೂ ಬಿಡುತ್ತದೆ, ಒಂದೇ ಹೊತ್ತಿಗೆ ಹಣ್ಣಾಗುತ್ತದೆ. ಮಳೆ ಆ ಹೊತ್ತಿಗೇ ತಪ್ಪಿ ಬಿದ್ದರೆ ಎಲ್ಲರದ್ದೂ ಒಟ್ಟಿಗೆ ಹೋಗುತ್ತದೆ.

2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ಬಂದ ನೆರೆ ನಿಮಗೆಲ್ಲ ನೆನಪಿರಬಹುದು. 20ನೇ ತಾರೀಕಿನ ಆ ರಾತ್ರಿ ನಮ್ಮ ಬೈಲು ಎಲ್ಲಿ, ಹೊಳೆ ಎಲ್ಲಿ ಅಂತ ಗೊತ್ತಾಗದ ಹಾಗೆ ಆಗಿತ್ತು. ತೆನೆ ಬಂದ ಪೈರು ನೀರಿನಡಿ ಮಲಗಿತು, ನೀರು ಇಳಿದ ಮೇಲೆ ಕೆಸರು ಮೆತ್ತಿಕೊಂಡ ಹುಲ್ಲು ಮಾತ್ರ ಉಳಿಯಿತು. ಆ ದಿನಗಳಲ್ಲೇ ಅತ್ತೆ ಮೊದಲ ಸಲ ಹಳೆ ಬೀಜಗಳ ಮಾತು ತೆಗೆದರು. ಅವರ ತಾಯಿ ಮನೆಯಲ್ಲಿ ಬೆಟ್ಟಿಗೆ ಬೇಗ ಬರುವ ಬೀಜ, ಮಜಲಿಗೆ ಕಯಮೆ, ಬೈಲಿಗೆ ಆಳೆತ್ತರ ಬೆಳೆಯುವ ಇನ್ನೊಂದು ಬೀಜ ಅಂತ ಬೇರೆ ಬೇರೆ ಇಡುತ್ತಿದ್ದರಂತೆ. ಅತಿಕರಾಯ, ಮಸ್ಕತಿ, ಗಂಧಸಾಲೆ ಅಂತ ಹೆಸರು ಹೇಳುತ್ತಾ ಹೋದರು. ಬೈಲಿನ ಆ ಬೀಜದ ಹೆಸರು ಮಾತ್ರ ಅವರಿಗೆ ನೆನಪಾಗಲಿಲ್ಲ. ನನಗೆ ಅದು ತುಂಬಾ ಬೇಜಾರಾಯಿತು. ಬೀಜ ಹೋಗಿ, ಹಿಂದೆಯೇ ಹೆಸರೂ ಹೋದರೆ ಇನ್ನು ಹುಡುಕುವುದು ಏನನ್ನು?

ಹುಡುಕಲು ಶುರು ಮಾಡಿದ್ದು ನೆಂಟರ ಮನೆಗಳಿಂದ. ಎಲ್ಲರದ್ದೂ ಒಂದೇ ಮಾತು, ಇತ್ತು, ಈಗ ಇಲ್ಲ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಕೃಷಿಮೇಳಕ್ಕೆ ಹೋದಾಗ, ಊರ ತಳಿ ಉಳಿಸಿಕೊಂಡವರು ಇನ್ನೂ ಅಲ್ಲಲ್ಲಿ ಇದ್ದಾರೆ ಅಂತ ಗೊತ್ತಾಯಿತು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರ ಬಗ್ಗೆ ಓದಿದೆ. 650ಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿದವರು ಅವರು, 2024ರಲ್ಲಿ ಪದ್ಮಶ್ರೀ ಬಂತು. ಅವರ ಕೆಲಸದಲ್ಲಿ ನನಗೆ ಧೈರ್ಯ ಕೊಟ್ಟದ್ದು, ಪಾಲಿಥೀನ್ ಚೀಲದಲ್ಲಿ ಮಣ್ಣು ತುಂಬಿ ಭತ್ತ ಬೆಳೆಸಿ ಬೀಜ ಉಳಿಸುವ ಅವರ ಕ್ರಮ. ಅಷ್ಟು ತಳಿಗೆ ಬೇರೆ ಬೇರೆ ಗದ್ದೆ ಎಲ್ಲಿಂದ ತರುವುದು ಹೇಳಿ. ಎಕರೆಗಟ್ಟಲೆ ಜಾಗ ಬೇಡ, ಅಂಗಳ ಸಾಕು ಅಂತ ಅಲ್ಲಿ ಗೊತ್ತಾಯಿತು.

ಕಡೆಗೆ ಬೀಜ ಸಿಕ್ಕಿದ್ದು ಬೆಳ್ತಂಗಡಿ ಕಡೆಯ ದೂರದ ನೆಂಟರೊಬ್ಬರಿಂದ. ಒಂದು ಮುಷ್ಟಿ ಕಯಮೆ, ಕಾಗದದ ಪೊಟ್ಟಣದಲ್ಲಿ. ಕೊಡುವಾಗ ಅವರು ದುಡ್ಡು ಕೇಳಲಿಲ್ಲ, ಎರಡು ವರ್ಷದ ಮೇಲೆ ಅಷ್ಟೇ ಬೀಜ ನನಗೆ ವಾಪಸ್ ಕೊಡಬೇಕು ಅಂದರು. ಅವರಲ್ಲಿ ಹೋದರೂ ನಮ್ಮಲ್ಲಿ ಇರುತ್ತದೆ ಅನ್ನುವ ಲೆಕ್ಕ.

ಒಂದು ಮುಷ್ಟಿ ಬೀಜವನ್ನು ಒಂದು ಗದ್ದೆಗೆ ಸಾಲುವಷ್ಟು ಮಾಡುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನನ್ನನ್ನು ಜನ ಜಾಸ್ತಿ ಕೇಳುವುದು ಇದನ್ನೇ.

ಮೊದಲು ಮೊಳಕೆ ನೋಡಿದೆವು. ಹತ್ತಿಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ನೂರರಲ್ಲಿ 80 ಮೊಳೆಯಬೇಕು ಅನ್ನುವುದು ಸರ್ಟಿಫೈಡ್ ಬೀಜದ ಲೆಕ್ಕ, ಮನೆ ಬೀಜಕ್ಕೂ ಅದೇ ಅಳತೆ ಇಟ್ಟುಕೊಂಡರೆ ಒಳ್ಳೆಯದು. ಆಮೇಲೆ ಉಪ್ಪುನೀರಿನ ಪರೀಕ್ಷೆ. ಬಕೆಟ್ಟಿನಲ್ಲಿ ನೀರು ಹಾಕಿ ಹಸಿ ಮೊಟ್ಟೆ ಬಿಡಬೇಕು, ಅದು ಮುಳುಗುತ್ತದೆ. ಉಪ್ಪು ಹಾಕುತ್ತಾ ಕದಡುತ್ತಾ ಹೋದರೆ ಮೊಟ್ಟೆ ನಿಧಾನ ಮೇಲೆ ಬಂದು ತಲೆ ತೋರಿಸುತ್ತದೆ. ಆ ನೀರಿಗೆ ಭತ್ತ ಹಾಕಿದರೆ ಜೊಳ್ಳು, ಅರೆಜೊಳ್ಳು ಎಲ್ಲ ತೇಲುತ್ತದೆ, ತುಂಬಿದ ಕಾಳು ಅಡಿಗೆ ಕೂರುತ್ತದೆ. ಅಡಿಯದ್ದನ್ನು ಮಾತ್ರ ತೆಗೆದು ಒಳ್ಳೆ ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಬೇಕು. ಉಪ್ಪು ಉಳಿದರೆ ಮೊಳಕೆಗೆ ಕೇಡು.

ನೇಜಿ, ಅಂದರೆ ಭತ್ತದ ಸಸಿ, ಹಾಕಿದ್ದು ಅಂಗಳದ ಬದಿಯಲ್ಲಿ, ಚಿಕ್ಕ ಮಡಿ ಮಾಡಿ. ನಾಟಿಗೆ ಮಜಲಿನ ಒಂದು ಮೂಲೆ ಬಿಟ್ಟುಕೊಂಡೆವು. ಸಾಧಾರಣ ನಾವು ಒಂದು ಕಡೆ ನಾಲ್ಕೈದು ನೇಜಿ ಒಟ್ಟಿಗೆ ಊರುತ್ತೇವೆ ಅಲ್ವಾ, ಬೀಜ ಹೆಚ್ಚಿಸಬೇಕಾದರೆ ಹಾಗೆ ಮಾಡಬಾರದು. ಒಂದೊಂದೇ ನೇಜಿ, ಗೇಣು ದೂರಕ್ಕೆ. ನೋಡಿದವರಿಗೆ ಗದ್ದೆ ಖಾಲಿ ಬಿಟ್ಟ ಹಾಗೆ ಕಾಣುತ್ತದೆ. ತಿಂಗಳು ಕಳೆಯುವಾಗ ಒಂದೊಂದು ಬುಡವೂ ಕವಲೊಡೆದು ತುಂಬಿಕೊಳ್ಳುತ್ತದೆ, ಮತ್ತೆ ಬೆರಕೆ ಯಾವುದು ಅಂತ ಗುರುತು ಹಿಡಿಯುವುದೂ ಸುಲಭ.

ಬೆರಕೆ ತೆಗೆಯುವುದೇ ಈ ಕೆಲಸದ ಜೀವ. ಭತ್ತ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವ ಗಿಡ, ಹಾಗಾಗಿ ಪಕ್ಕದ ತಳಿಯಿಂದ 3 ಮೀಟರ್ ದೂರ ಬಿಟ್ಟರೆ ಬೀಜಕ್ಕೆ ಸಾಕು. ಗಾಳಿಗಿಂತ ಜಾಸ್ತಿ ಬೆರಕೆ ಆಗುವುದು ನಮ್ಮ ಕೈಯಿಂದಲೇ, ಅದೇ ಗೋಣಿ, ಅದೇ ಅಂಗಳ, ಅದೇ ಗೆರಸೆ. ಅತ್ತೆ ತೆನೆ ಬರುವ ಹೊತ್ತಿಗೆ ಗದ್ದೆ ಅಂಚಿನಲ್ಲೇ ಇರುತ್ತಿದ್ದರು. ಎತ್ತರ ಬೇರೆ, ಎಲೆ ಬಣ್ಣ ಬೇರೆ, ಉಳಿದದ್ದಕ್ಕಿಂತ ವಾರ ಮೊದಲು ತೆನೆ ಹಾಕಿದ್ದು, ಇದೆಲ್ಲ ಅವರ ಕಣ್ಣಿಗೆ ಕೂಡಲೇ ಬೀಳುತ್ತಿತ್ತು. "ಬೆರ್ಕಿ ಕಂಡ್ರೆ ಆಗ್ಳೇ ಕಿತ್ತ್ ಹಾಕ್, ನಾಳೆ ಅಂದ್ರೆ ಆತಿಲ್ಲೆ" ಅನ್ನುತ್ತಿದ್ದರು. ಹೂ ಬಿಡುವಾಗ ಒಂದು ಸಲ, ಕಾಳು ಬಲಿಯುವಾಗ ಒಂದು ಸಲ, ಕೊಯ್ಲಿನ ಮುಂಚೆ ಒಂದು ಸಲ ನೋಡಬೇಕು. ನವಿಲಿನ ಕಾಟಕ್ಕೆ ಬಲೆ ಕಟ್ಟಿದೆವು. ಅದು ಈಗ ಎಲ್ಲ ಊರಿನ ಕಥೆ, ಹೆಚ್ಚು ಬರೆಯುವುದಿಲ್ಲ.

ಬೀಜಕ್ಕೆ ಅಂತ ಕೊಯ್ದದ್ದು ಗದ್ದೆಯ ನಡುವಿನ ಬುಡಗಳಿಂದ, ಚೆನ್ನಾಗಿ ತುಂಬಿದ ದೊಡ್ಡ ತೆನೆ ಮಾತ್ರ. ಮೆಷಿನ್ ಇಲ್ಲ, ಕತ್ತಿಯಲ್ಲೇ ಕೊಯ್ದು ಹಡಿಮಂಚಕ್ಕೆ ಬಡಿದದ್ದು. ನಂತರ ಒಣಗಿಸುವುದು. ಬೀಜದ ಭತ್ತದಲ್ಲಿ ತೇವ ನೂರಕ್ಕೆ 13ಕ್ಕಿಂತ ಜಾಸ್ತಿ ಇರಬಾರದು, ನಮ್ಮ ಕರಾವಳಿಯ ಗಾಳಿಯಲ್ಲಿ ಅದು ಅಷ್ಟು ಸುಲಭ ಅಲ್ಲ. ಅತ್ತೆಯ ಕ್ರಮ, ಹಗಲು ಬಿಸಿಲಿಗೆ ಹಾಕಿ ರಾತ್ರಿ ಇಬ್ಬನಿಗೂ ಬಿಟ್ಟು ಮತ್ತೆ ಬಿಸಿಲಿಗೆ ಹಾಕುವುದು. ಹೀಗೆ ಕೆಲವು ದಿನ ಮಾಡಿ, ಕಾಳು ಹಲ್ಲಿಗೆ ಕಚ್ಚಿದರೆ ಟಕ್ ಅಂತ ಒಡೆಯಬೇಕು.

ಆಮೇಲೆ ಮುಡಿ, ಅಂದರೆ ಭತ್ತ, ಅಕ್ಕಿ ಇಡಲು ಬೈಹುಲ್ಲಿನಲ್ಲಿ ಕಟ್ಟುವ ಉರುಟು ಮೂಟೆ. ಈಗಿನ ಮಕ್ಕಳು ಮುಡಿಯನ್ನು ನೋಡುವುದು ಮದುವೆ ಮಂಟಪದಲ್ಲಿ, ಹೋಟೆಲಿನ ಅಲಂಕಾರದಲ್ಲಿ. ಒಂದು ಮುಡಿ ಅಕ್ಕಿ ಅಂದರೆ 42 ಸೇರು, ಗೇಣಿಯಿಂದ ಹಿಡಿದು ಕೂಲಿಯವರೆಗೆ ಎಲ್ಲ ಲೆಕ್ಕವೂ ಅದರಲ್ಲೇ ನಡೆಯುತ್ತಿತ್ತು. ಕಟ್ಟಲು ಬಲ್ಲವರು ನಮ್ಮ ಊರಿನಲ್ಲಿ ಒಬ್ಬ ಅಜ್ಜ ಮಾತ್ರ ಇದ್ದರು. ಅವರನ್ನು ಕರೆಸಿದಾಗ ಅವರು ಮೊದಲು ಕೇಳಿದ್ದು ಬೀಜವನ್ನಲ್ಲ, ಹುಲ್ಲನ್ನು. ಕಟಾವು ಯಂತ್ರದಲ್ಲಿ ಬಂದ ಹುಲ್ಲು ಮುರಿದು ಜಜ್ಜಿರುತ್ತದೆ, ಅದರಲ್ಲಿ ಮುಡಿ ಕಟ್ಟಲು ಬರುವುದಿಲ್ಲ. ಕತ್ತಿಯಲ್ಲಿ ಕೊಯ್ದ ಕಯಮೆಯ ಉದ್ದ ಹುಲ್ಲು ತೋರಿಸಿದೆವು. ಅಜ್ಜ ಕೈಯಲ್ಲಿ ಹಿಡಿದು ಎಳೆದು ನೋಡಿ, "ಹ್ಞಾಂ, ಇದ್ ಆತ್ತ್" ಅಂದರು. ಹುಲ್ಲನ್ನು ಸುತ್ತ ಹರಡಿ, ನಡುವೆ ಭತ್ತ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿಯುತ್ತಾ, ಮರದ ಕೊಡತಿಯಿಂದ ಬಡಿದು ಉರುಟು ಮಾಡುತ್ತಾ ಹೋದರು. ಅಷ್ಟು ಬಿಗಿ ಇರುವಾಗ ಒಳಗೆ ಹುಳಕ್ಕೆ ಓಡಾಡಲು ಎಡೆ ಎಲ್ಲಿ? ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ತಾಗುತ್ತಾ ಇರುತ್ತದೆ, ಪಸೆ ಹಿಡಿಯುವುದಿಲ್ಲ. ನಮ್ಮಲ್ಲಿ ಗ್ಯಾಸ್ ಬಂದ ಮೇಲೆ ಹೊಗೆ ಇರುವುದು ಬಚ್ಚಲ ಒಲೆಯಲ್ಲಿ ಮಾತ್ರ, ಹಾಗಾಗಿ ಮುಡಿಯನ್ನು ಬಚ್ಚಲು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದೆವು. ಅಜ್ಜನ ಕೈ ನೋಡಿ ಕಲಿತು ಈಗ ನನ್ನ ಮಗನೂ ಸಣ್ಣ ಮುಡಿ ಕಟ್ಟುತ್ತಾನೆ. ಇದು ನನಗೆ ಬೀಜ ಸಿಕ್ಕಿದಷ್ಟೇ ಖುಷಿ ಕೊಟ್ಟ ವಿಷಯ.

ಇಷ್ಟೆಲ್ಲ ಮಾಡಿ ಮಜಲು ಪೂರ್ತಿ ಕಯಮೆ ಆಗುವ ಹೊತ್ತಿಗೆ 2023 ಬಂತು. ಆ ವರ್ಷ ಮಳೆ ತಡ. ಮೃಗಶಿರ ಶುರುವಾದರೂ ಮಳೆ ಇಲ್ಲ, ಬಂದ ಮೇಲೂ ಮೊದಮೊದಲು ಬಲ ಇಲ್ಲ, ಜುಲೈಯಲ್ಲಿ ಒಂದೇ ಸಮ ಹೊಯ್ದು ಆಗಸ್ಟಿನಲ್ಲಿ ಮತ್ತೆ ಮಾಯ. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಬೆಟ್ಟು ಗದ್ದೆ ಬಿರುಕು ಬಿಟ್ಟಿತು. ಮಜಲಿನಲ್ಲಿ ನಾಟಿಯೇ ತಡವಾಗಿತ್ತು, ಕೊಯ್ಲೂ ಅಷ್ಟೇ ತಡ ಆಗುತ್ತದೆ, ಹಿಂದಿನಿಂದ ಉದ್ದು, ಅವಡೆಯಂಥ ಕಾಳು ಬಿತ್ತಲು ಪಸೆ ಉಳಿಯುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ಆದರೆ ನಮ್ಮ ಕಯಮೆ ತಡವಾಗಿ ನೆಟ್ಟರೂ ಹೂ ಬಿಟ್ಟದ್ದು ಹೆಚ್ಚುಕಮ್ಮಿ ಹಿಂದಿನ ವರ್ಷದ ಹೊತ್ತಿಗೇ. ಪೈರು ಸ್ವಲ್ಪ ಗಿಡ್ಡ, ಕವಲು ಕಮ್ಮಿ, ಕಾಳೂ ಕಮ್ಮಿ, ಆದರೆ ಸಮಯಕ್ಕೆ ಬಂತು.

ಇದಕ್ಕೆ ಕಾರಣ ಇದೆ. ಹಳೆ ಮಳೆಗಾಲದ ತಳಿಗಳಲ್ಲಿ ಎಷ್ಟೋ ಹೂ ಬಿಡುವುದು ಹಗಲಿನ ಉದ್ದ ನೋಡಿಕೊಂಡು. ಹಗಲು ಗಿಡ್ಡ ಆಗುತ್ತಾ ಬಂದ ಹಾಗೆ, ನೀವು ಬೇಗ ಬಿತ್ತಿರಿ, ತಡ ಬಿತ್ತಿರಿ, ಅವು ತಮ್ಮ ಹೊತ್ತಿಗೆ ತೆನೆ ಹಾಕುತ್ತವೆ. ಹೊಸ ತಳಿಗಳು ಹೆಚ್ಚಾಗಿ ದಿನದ ಲೆಕ್ಕದವು, ಬಿತ್ತಿದ ದಿನದಿಂದ ನಾಲ್ಕು, ನಾಲ್ಕೂವರೆ ತಿಂಗಳಿಗೆ ಕೊಯ್ಲು. ಮಳೆ ಸರಿಯಾಗಿ ಬರುತ್ತಿದ್ದಾಗ ಎರಡೂ ಒಂದೇ. ಮಳೆ ಅಲುಗಾಡಲು ಶುರುವಾದ ಮೇಲೆ ಈ ವ್ಯತ್ಯಾಸಕ್ಕೆ ಬೆಲೆ ಬಂತು.

2025ರಲ್ಲಿ ಅದಕ್ಕೆ ಉಲ್ಟಾ. ಮೇ 24ಕ್ಕೇ ಕೇರಳಕ್ಕೆ ಮುಂಗಾರು ಮುಟ್ಟಿ, ಹಿಂದೆಯೇ ನಮ್ಮ ಕಡೆಗೂ ಬಂತು. ಮೇ ಕೊನೆಗೆ ಬರುವ ಪತ್ತನಾಜೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಆ ಹೊತ್ತಿಗೇ ಮಳೆಗಾಲ! ನೀರು ಸಿಕ್ಕಿತಲ್ಲ ಅಂತ ಹಲವರು ಬೇಗ ಬಿತ್ತಿದರು, ದಿನದ ಲೆಕ್ಕದ ಭತ್ತ ಸೆಪ್ಟೆಂಬರ್ ಕೊನೆಗೇ ಹಣ್ಣಾಗುತ್ತಾ ಬಂತು, ಮಳೆ ಬಿಟ್ಟಿರಲಿಲ್ಲ, ಕಟಾವು ಯಂತ್ರ ಕೆಸರಿಗೆ ಇಳಿಯಲಿಲ್ಲ. ನಮ್ಮ ಕಯಮೆ ಆಗ ಇನ್ನೂ ಹಾಲುಗಾಳು. ಹಾಗಂತ ನಮಗೆ ಎಲ್ಲ ಸಲೀಸಾಯಿತು ಅಂತಲ್ಲ. ಅಕ್ಟೋಬರಿನಲ್ಲೂ ಮಳೆ ಬಂತು, ಎತ್ತರದ ಪೈರು ಅಲ್ಲಲ್ಲಿ ಮಲಗಿತು, ಕತ್ತಿ ಹಿಡಿದು ಕೊಯ್ಯುವವರನ್ನು ಹುಡುಕಲು ಸಾಕುಬೇಕಾಯಿತು. ಹಳೆ ಬೀಜ ಹಾಕಿದರೆ ಎಲ್ಲ ಸರಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಳುವರಿ ಎಂಒ4ಕ್ಕಿಂತ ಕಮ್ಮಿಯೇ. ಆದರೆ ಊರಿನಲ್ಲಿ ಎರಡು ಹೊತ್ತಿಗೆ ಹಣ್ಣಾಗುವ ಎರಡು ಥರದ ಭತ್ತ ಇದ್ದರೆ ಒಂದೇ ಮಳೆ ಎರಡನ್ನೂ ಹಾಳು ಮಾಡುವುದಿಲ್ಲ.

ಇನ್ನು ಬೈಲು. ಇದು ಕಷ್ಟದ್ದು. ನೆರೆಯ ಜೊತೆ ಉಪ್ಪು ಬೇರೆ. ಮಳೆಗಾಲ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದರೆ ಸಿಹಿನೀರು ಒಳಗೆ ನಿಲ್ಲುತ್ತದೆ, ಉಪ್ಪುನೀರು ಹೊರಗೆ ಉಳಿಯುತ್ತದೆ. ಹಲಗೆ ಹಾಕುವುದು ತಡವಾದರೆ, ಹಲಗೆ ಕುಂಬಾಗಿ ಹಾಳಾದರೆ, ಬೇಸಿಗೆಯಲ್ಲಿ ಉಬ್ಬರದ ನೀರು ಗದ್ದೆಗೆ ನುಗ್ಗುತ್ತದೆ. ಜೂನಿನ ಜೋರು ಮಳೆ ಆ ಉಪ್ಪನ್ನು ತೊಳೆದು ಕೊಡುತ್ತಿತ್ತು. 2023ರ ಹಾಗೆ ಜೂನ್ ಕೈಕೊಟ್ಟರೆ ಮಣ್ಣಿನಲ್ಲಿ ಉಪ್ಪು ಹಾಗೆಯೇ ಇರುತ್ತದೆ. ಭತ್ತಕ್ಕೆ ಉಪ್ಪು ತಡೆಯಲಾಗದ ಹೊತ್ತು ಎರಡು, ಎಳೆ ನೇಜಿ ಇರುವಾಗ, ಹೂ ಬಿಡುವಾಗ. ಆ ವರ್ಷ ಬೈಲಿನ ಎಂಒ4 ನೇಜಿಯ ತುದಿ ಸುಟ್ಟ ಹಾಗೆ ಬೆಳ್ಳಗಾಯಿತು.

ಕುಮಟಾದ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ, ಕಗ್ಗ ಅಂತ ಒಂದು ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯನ್ನೂ ತಡೆಯುತ್ತದೆ. ಅಲ್ಲಿನ ಮಾಣಿಕಟ್ಟಾ ಊರಿನ ಕಡೆಗೆ ಹೋಗಿ ನೋಡಿ ಬಂದೆವು. ಅಲ್ಲಿ ಮಳೆಯಲ್ಲಿ ಉಪ್ಪು ತೊಳೆದು ಹೋದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಅದೇ ಗದ್ದೆಗೆ ನೀರು ಬಿಟ್ಟರೆ ಮೀನು, ಸಿಗಡಿ. ಕೊಳೆತ ಹುಲ್ಲು ಅವಕ್ಕೆ ಮೇವು. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ ಆಗುವ ಏರ್ಪಾಡು ಅದು. ಅಲ್ಲಿ ನಿಂತು ನೋಡುವಾಗ, ನಮ್ಮ ಸೀತಾ, ಸ್ವರ್ಣಾ ಹೊಳೆಗಳ ಬದಿಯಲ್ಲೂ ಬೆಳೆ ಇಲ್ಲದೆ ಹಡಿಲು ಬಿದ್ದ ಎಷ್ಟೋ ಗದ್ದೆಗಳು ಇವೆಯಲ್ಲ ಅನ್ನಿಸಿತು.

ಕಗ್ಗದ ಸ್ವಲ್ಪ ಬೀಜ ತಂದು ಬೈಲಿನ ಅತಿ ತಗ್ಗಿನ ಗದ್ದೆಗೆ ಹಾಕಿದೆವು. ಆಳೆತ್ತರ ಬೆಳೆಯಿತು. ಹೊಳೆ ನೀರು ಏರಿ ಕೆಲವು ದಿನ ನಿಂತರೂ ನೀರು ಇಳಿದ ಮೇಲೆ ಎದ್ದು ನಿಂತಿತು. ಅಕ್ಕಿ ದಪ್ಪ, ಕೆಂಪು, ಗಂಜಿಗೆ ಬಹಳ ರುಚಿ. ಮನೆಯಲ್ಲಿ ಒಂದಿಬ್ಬರಿಗೆ ಇಷ್ಟವಾಗಲಿಲ್ಲ, ಅತ್ತೆಗೆ ಮಾತ್ರ ಉಪ್ಪಿನಕಾಯಿ ಜೊತೆ ಅದೇ ಬೇಕು.

ಹಳೆ ತಳಿ ಅಂದರೆ ಬರೀ ನೆನಪಿಗೆ ಇಟ್ಟುಕೊಳ್ಳುವ ವಸ್ತು ಅಂತ ತಿಳಿಯುವವರಿಗೆ ಒಂದು ವಿಷಯ ಹೇಳಬೇಕು. ಎರಡು ವಾರದವರೆಗೂ ನೀರಿನಡಿ ಬದುಕುವ ಸ್ವರ್ಣ ಸಬ್1 ತಳಿ 2009ರಲ್ಲಿ ಬಿಡುಗಡೆ ಆಯಿತಲ್ಲ, ಅದಕ್ಕೆ ಆ ಗುಣ ಬಂದದ್ದು ಒಡಿಶಾದ ರೈತರ ಹಳೆ ಭತ್ತವೊಂದರಿಂದ. ಉಪ್ಪು ತಡೆಯುವ ಹೊಸ ತಳಿಗಳಿಗೆ ಆ ಗುಣ ಕೊಟ್ಟದ್ದು ಕೇರಳದ ಪೊಕ್ಕಾಳಿ ಭತ್ತ. ಅಂದರೆ ವಿಜ್ಞಾನಿಗಳಿಗೂ ಬೇಕಾದದ್ದು ಯಾವುದೋ ಮನೆಯ ಅಟ್ಟದಲ್ಲಿ ಉಳಿದ ಬೀಜವೇ. ಇಂಥ ಬೀಜಗಳನ್ನು ಚಳಿಯ ಕೋಣೆಯಲ್ಲಿ ಇಟ್ಟು ಕಾಪಾಡುತ್ತಾರೆ, ಅದೂ ಬೇಕು. ಆದರೆ ಅಲ್ಲಿರುವ ಬೀಜಕ್ಕೆ 2023ರ ಆಗಸ್ಟೂ ಗೊತ್ತಿಲ್ಲ, 2025ರ ಮೇಯೂ ಗೊತ್ತಿಲ್ಲ. ಗದ್ದೆಯಲ್ಲಿ ಪ್ರತಿ ವರ್ಷ ಬೆಳೆದು, ಅಲ್ಲಿ ತಡೆದುಕೊಂಡ ಬುಡದಿಂದ ಮತ್ತೆ ಬೀಜ ಆರಿಸುವಾಗ ಅದು ನಮ್ಮ ಜೊತೆಗೇ ಬದಲಾಗುತ್ತಾ ಬರುತ್ತದೆ. ಉಡುಪಿ ಹತ್ತಿರದ ಮಟ್ಟು ಊರಿನ ಬದನೆ, ಮಟ್ಟುಗುಳ್ಳವನ್ನೇ ನೋಡಿ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಅಷ್ಟು ಕಾಲ ಅದು ಉಳಿದದ್ದು ಮಟ್ಟುವಿನವರು ಬಿಡದೆ ಬೆಳೆದದ್ದರಿಂದ, ಉಡುಪಿಯವರು ಬಿಡದೆ ತಿಂದದ್ದರಿಂದ.

ತಿನ್ನುವ ವಿಷಯಕ್ಕೆ ಬಂದರೆ ನಮಗೆ ದೊಡ್ಡ ತೊಡಕು ಮಿಲ್ಲಿನದ್ದು. ಸ್ವಲ್ಪವೇ ಭತ್ತ ತೆಗೆದುಕೊಂಡು ಹೋದರೆ ಬೇರೆಯಾಗಿ ಕುಚ್ಚಿಕೊಡುವುದಿಲ್ಲ, ಉಳಿದದ್ದರ ಜೊತೆ ಸೇರಿಸುತ್ತಾರೆ. ವರ್ಷವಿಡೀ ಬೆರಕೆ ಕಿತ್ತು ಬೆಳೆದದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಬೆರಕೆ. ಅದಕ್ಕೆ ನಾವು ಮನೆಯಲ್ಲೇ ಹಂಡೆಯಲ್ಲಿ ಬೇಯಿಸಿ, ಒಣಗಿಸಿ, ಚಿಕ್ಕ ಮಿಲ್ಲಿನಲ್ಲಿ ಅಕ್ಕಿ ಮಾಡಿಸುತ್ತೇವೆ. ಸೌದೆ, ಕೂಲಿ ಎಲ್ಲ ಸೇರಿ ಅಕ್ಕಿಗೆ ರೇಟು ಜಾಸ್ತಿ ಬೀಳುತ್ತದೆ. ತಿಳಿದು ಕೊಳ್ಳುವವರು ಇದ್ದಾರೆ, ಆದರೆ ನೂರು ಮನೆಗೆ ಸಾಲುವಷ್ಟು ಬೆಳೆದರೆ ನೂರು ಮನೆ ಕೊಳ್ಳುತ್ತದೆಯೇ ಅಂತ ಕೇಳಿದರೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಬೀಜ ಹಂಚುವುದಕ್ಕೆ ಮಾತ್ರ ಹೆದರಬೇಕಾಗಿಲ್ಲ. ಕಾನೂನು ಏನಾದರೂ ಅಡ್ಡ ಬರುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ 2001ರಲ್ಲೇ ಬಂದಿದೆ. ತನ್ನ ಬೆಳೆಯ ಬೀಜವನ್ನು ಉಳಿಸಲು, ಬಿತ್ತಲು, ಬದಲು ಮಾಡಿಕೊಳ್ಳಲು, ಹಂಚಲು, ಮಾರಲು ರೈತನಿಗೆ ಅದರಲ್ಲಿ ಹಕ್ಕಿದೆ, ಬ್ರ್ಯಾಂಡ್ ಹೆಸರು ಹಾಕಿದ ಪ್ಯಾಕೆಟ್ಟಿನಲ್ಲಿ ಮಾರುವಂತಿಲ್ಲ ಅಷ್ಟೇ. ಬೆಳ್ತಂಗಡಿಯ ನೆಂಟರಿಗೆ ಅವರ ಮುಷ್ಟಿ ಬೀಜಕ್ಕೆ ಬದಲು ಒಂದು ಸಣ್ಣ ಮುಡಿಯನ್ನೇ ಕೊಟ್ಟು ಬಂದೆವು. ಊರಿನಲ್ಲಿ ಕೇಳಿದವರಿಗೆ ಸೇರು ಕೊಟ್ಟರೆ ಒಂದೂವರೆ ಸೇರು ವಾಪಸ್ ಅನ್ನುವ ಕರಾರು. ಕೆಲವರು ಕೊಟ್ಟರು. ಕೆಲವರು ಮರುವರ್ಷ ಬೆಳೆಯಲೇ ಇಲ್ಲ.

ಈ ಸಲದ ಕೆಲಸ ಬೆಟ್ಟಿನದ್ದು. ಅಲ್ಲಿಗೆ ಬೇಗ ಬರುವ, ನೀರು ಕಮ್ಮಿ ಸಾಕಾಗುವ ಊರ ಭತ್ತ ಬೇಕು, ನಮಗೆ ಇನ್ನೂ ಸಿಕ್ಕಿಲ್ಲ. ಕುಂದಾಪುರ, ಬೈಂದೂರು, ಹೆಬ್ರಿ, ಕಾರ್ಕಳ ಕಡೆ ಯಾರ ಮನೆಯಲ್ಲಾದರೂ ಅಂಥದ್ದು ಮುಷ್ಟಿಯಷ್ಟು ಇದ್ದರೆ ಹೇಳಿ, ರೋಹಿಣಿ ಮಳೆಗೆ ಮುಂಚೆ ಬಂದು ತೆಗೆದುಕೊಂಡು ಹೋಗುತ್ತೇವೆ. ಬದಲಿಗೆ ಕಯಮೆ ಕೊಡುತ್ತೇವೆ. ಬೈಲು ಇರುವವರಿಗೆ ಬೇಕಾದರೆ ಕಗ್ಗವೂ ಇದೆ.